ಮದ್ಯಪಾನ ಮಾಡಿ ವಾಹನ ಚಾಲನೆ: ಉಸಿರಾಟ ಪರೀಕ್ಷೆಯ ವಿಳಂಬ ಮತ್ತು ಅದರ ಪರಿಣಾಮ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 185ರ ಮೇರೆಗೆ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿರುವಾಗ ವಾಹನ ಚಲಾಯಿಸುವುದು ಅಥವಾ ಚಲಾಯಿಸಲು ಪ್ರಯತ್ನಿಸುವುದು ಅಪರಾಧವಾಗಿರುತ್ತದೆ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗಿನ ಕಾರಾವಾಸ ಅಥವಾ 10,000 ರೂ. ದಂಡ ಅಥವಾ ಎರಡನ್ನೂ, ನಂತರದ ಅಪರಾಧಕ್ಕೆ ಎರಡು ವರ್ಷದವರೆಗಿನ ಕಾರಾವಾಸ ಅಥವಾ 15,000 ರೂ. ದಂಡ ಅಥವಾ ಎರಡನ್ನೂ ವಿಧಿಸಬಹುದು. ಸದರಿ ಮೊತ್ತಗಳು 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿರುತ್ತವೆ.

ಅಪರಾಧವು ವಾಹನ ಚಲಾಯಿಸುತ್ತಿದ್ದ ವೇಳೆಯಲ್ಲಿ ರಕ್ತದಲ್ಲಿದ್ದ ಪ್ರಮಾಣಕ್ಕೆ ಸಂಬಂಧಿಸಿದ್ದು. ಪರೀಕ್ಷೆ ನಡೆಯುವುದು ಮಾತ್ರ ಆ ನಂತರ. ಈ ನಡುವಿನ ಅವಧಿಯೇ ಅನೇಕ ಪ್ರಕರಣಗಳಲ್ಲಿ ವಾದಕ್ಕೆ ಕಾರಣವಾಗುತ್ತದೆ. ದೇಹವು ಸಾಮಾನ್ಯವಾಗಿ ಗಂಟೆಗೆ 10ರಿಂದ 20 ಮಿಲಿಗ್ರಾಂನಷ್ಟು ಮದ್ಯಸಾರವನ್ನು ಕರಗಿಸುತ್ತದೆ. ಉದಾಹರಣೆಗೆ, ರಾತ್ರಿ 11 ಗಂಟೆಗೆ ಅಪಘಾತವಾದಾಗ 60 ಮಿಲಿಗ್ರಾಂ ಇದ್ದು, ಗಂಟೆಗೆ 15ರಂತೆ ಇಳಿದಲ್ಲಿ, 1 ಗಂಟೆಗೆ ಉಳಿಯುವುದು 30 ಮಾತ್ರ. ಕಾನೂನು ಕೇಳುವುದು 30ಕ್ಕಿಂತ ಹೆಚ್ಚನ್ನು. ಹಿಂದಕ್ಕೆ ಎಣಿಸಿ ಮೂಲ ಪ್ರಮಾಣವನ್ನು ಹೇಳಬಹುದಲ್ಲವೇ ಎಂದು ಕೆಲವರು ಕೇಳುವುದುಂಟು. ಆದರೆ ಇಳಿಕೆಯ ದರ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುವುದರಿಂದ ಅಂತಹ ಲೆಕ್ಕ ಅಂದಾಜಷ್ಟೇ ಆಗಿ ಉಳಿಯುತ್ತದೆ.

ವಿಳಂಬದಿಂದ ಚಾಲಕನಿಗೆ ಸದಾ ಲಾಭವೆಂದು ಭಾವಿಸತಕ್ಕದ್ದಲ್ಲ. ಕುಡಿದ ಸುಮಾರು ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಪ್ರಮಾಣವು ಏರುತ್ತಿರಬಹುದು. ಊಟದೊಂದಿಗೆ ಕುಡಿದಿದ್ದಲ್ಲಿ ಇನ್ನೂ ತಡವಾಗಿ. ಹಾಗಾಗಿ ತಡವಾದ ಪರೀಕ್ಷೆಯು ಚಾಲನೆಯ ವೇಳೆಯಲ್ಲಿದ್ದುದಕ್ಕಿಂತ ಹೆಚ್ಚನ್ನು ತೋರಿಸುವ ಸಂಭವವೂ ಉಂಟು. ಇನ್ನೊಂದೆಡೆ, ಕುಡಿದ ಕೂಡಲೇ ಊದಿದರೆ ಬಾಯಿಯಲ್ಲಿ ಉಳಿದ ಮದ್ಯಸಾರದಿಂದ ಅಂಕಿ ತಪ್ಪಾಗಿ ಏರುವುದರಿಂದ, 15 ನಿಮಿಷ ಕಾಯಿಸುವುದು ವಿಳಂಬವಲ್ಲ, ಮುನ್ನೆಚ್ಚರಿಕೆ.

2019ರ ಆಗಸ್ಟ್ 3ರಂದು ತಿರುವನಂತಪುರದಲ್ಲಿ ಕಾರು ಡಿಕ್ಕಿಯಾಗಿ ಪತ್ರಕರ್ತರೊಬ್ಬರು ಮೃತಪಟ್ಟ ಪ್ರಕರಣದಲ್ಲಿ ರಕ್ತದ ಮಾದರಿಯನ್ನು ಸಂಗ್ರಹಿಸಿದ್ದು ಸುಮಾರು ಒಂಬತ್ತು ಗಂಟೆಗಳ ನಂತರ. ವರದಿಯಲ್ಲಿ ಮದ್ಯಸಾರ ಕಂಡುಬರಲಿಲ್ಲ. ಚಾಲಕರು ಕುಡಿದಿದ್ದರೇ ಇಲ್ಲವೇ ಎಂಬುದನ್ನು ಇಷ್ಟು ತಡವಾದ ವರದಿಯಿಂದ ಯಾವ ಕಡೆಗೂ ಹೇಳಲಾಗದು. ಮೃತರ ಕುಟುಂಬಕ್ಕೂ ಆರೋಪಿತರಿಗೂ ಇದು ಸಮಾನ ನಷ್ಟ. ಪರೀಕ್ಷೆಯ ಬದಲು ಬಾಯಿಯ ವಾಸನೆ, ತಡವರಿಸುವ ನಡಿಗೆ ಇವುಗಳನ್ನೇ ನೆಚ್ಚುವಂತೆಯೂ ಇಲ್ಲ. ರಕ್ತ ಅಥವಾ ಮೂತ್ರ ಪರೀಕ್ಷೆಯಿಲ್ಲದೆ ಇಂತಹ ಲಕ್ಷಣಗಳಷ್ಟೇ ಸಾಲವೆಂದು ಬಚ್ಚುಭಾಯಿ ಹಸನಲ್ಲಿ ಕರ್ಯಾಣಿ ಪ್ರಕರಣದಲ್ಲಿ (1971) ಸರ್ವೋಚ್ಚ ನ್ಯಾಯಾಲಯ ಅಭಿಪ್ರಾಯಪಟ್ಟಿರುತ್ತದೆ.

ಈ ಕಾರಣದಿಂದಲೇ ಕಲಂ 203ರಲ್ಲಿ, ಅಪರಾಧ ನಡೆದ ನಂತರ ಸಾಧ್ಯವಾದಷ್ಟು ಬೇಗನೆ ಉಸಿರಾಟ ಪರೀಕ್ಷೆಗೆ ಸೂಚಿಸತಕ್ಕದ್ದೆಂದು ವಿಧಿಸಲಾಗಿದೆ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯ ಸಮಕ್ಷಮದಲ್ಲಿ ಈ ಅಪರಾಧವೆಸಗಿ ಕಲಂ 202ರ ಅಡಿಯಲ್ಲಿ ದಸ್ತಗಿರಿಯಾದ ವ್ಯಕ್ತಿಯನ್ನು ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆಗೆ ಒಳಪಡಿಸತಕ್ಕದ್ದು. ತಪ್ಪಿದಲ್ಲಿ ಅಭಿರಕ್ಷೆಯಿಂದ ಬಿಡುಗಡೆ ಮಾಡತಕ್ಕದ್ದು. ಬಿಡುಗಡೆಯಾದ ಮಾತ್ರಕ್ಕೆ ಪ್ರಕರಣ ಮುಕ್ತಾಯವಾಯಿತೆಂದು ತಿಳಿಯಬಾರದು. ಎರಡು ಗಂಟೆಗಳ ಗಡುವು ಅಭಿರಕ್ಷೆಗೆ ಸಂಬಂಧಿಸಿದ್ದು.

ಹೊತ್ತು ಕಳೆಯಲೆಂದು ಊದಲು ನಿರಾಕರಿಸುವವರೂ ಇದ್ದಾರೆ. ಸಕಾರಣವಿಲ್ಲದ ನಿರಾಕರಣೆಯನ್ನು ಕಲಂ 205ರ ಮೇರೆಗೆ ಅಭಿಯೋಜನೆಯ ಸಾಕ್ಷ್ಯವನ್ನು ಬೆಂಬಲಿಸುವ ಸಂಗತಿಯೆಂದು ನ್ಯಾಯಾಲಯವು ಭಾವಿಸಬಹುದು. ನಿರಾಕರಿಸಿದವರನ್ನು, ಮದ್ಯಸಾರವಿದೆಯೆಂಬ ಸಂಶಯಕ್ಕೆ ಕಾರಣವಿದ್ದಲ್ಲಿ, ವಾರಂಟು ಇಲ್ಲದೆ ದಸ್ತಗಿರಿ ಮಾಡಲೂ ಅವಕಾಶವಿದೆ.

ಆದುದರಿಂದ ಪರೀಕ್ಷೆಗೆ ಒಳಗಾದವರು ಉಪಕರಣದಿಂದ ಬರುವ ಚೀಟಿಯಲ್ಲಿ ದಿನಾಂಕ ಮತ್ತು ವೇಳೆ ನಮೂದಾಗಿರುವುದನ್ನು ನೋಡಿಕೊಳ್ಳುವುದು ಸೂಕ್ತ. ಕಲಂ 203ರ ಅಡಿಯಲ್ಲಿ ದಸ್ತಗಿರಿಯಾದವರಿಗೆ ಠಾಣೆಯಲ್ಲಿ ಮತ್ತೊಮ್ಮೆ ಊದುವ ಅವಕಾಶವಿರುತ್ತದೆ, ಕೇಳಿ ಪಡೆಯಬಹುದು. ಆಸ್ಪತ್ರೆಯಲ್ಲಿ ಒಳರೋಗಿಯಾಗಿರುವವರ ಉಸಿರಾಟ ಪರೀಕ್ಷೆಗೆ ಮುನ್ನ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸತಕ್ಕದ್ದು. ಚಿಕಿತ್ಸೆಗೆ ಬಾಧಕವೆಂದು ಅವರು ಆಕ್ಷೇಪಿಸಿದಲ್ಲಿ ಪರೀಕ್ಷೆ ಮಾಡುವಂತಿಲ್ಲ. ಠಾಣೆಯಲ್ಲಿ ಪುರುಷ ವೈದ್ಯರು ಮಹಿಳೆಯ ರಕ್ತದ ಮಾದರಿ ತೆಗೆಯುವಾಗ ಮತ್ತೊಬ್ಬ ಮಹಿಳೆಯ ಹಾಜರಿ ಕಡ್ಡಾಯವಾಗಿರುತ್ತದೆ.