ದವಡೆಗೆ ವೈರ್ ಕಟ್ಟಿದಾಗ ವಾಂತಿಯಾದರೆ ಉಸಿರು ಕಟ್ಟುತ್ತದೆಯೇ?

ಬೈಕಿನಿಂದ ಬಿದ್ದು ದವಡೆ ಮುರಿದವರ ಮನೆಯಲ್ಲಿ ಮೊದಲು ಹುಟ್ಟುವ ಭಯ ಇದು. ಭಯಕ್ಕೆ ಕಾರಣವಿದೆ, ಆದರೆ ಚಿಕಿತ್ಸೆಯನ್ನೇ ಬಿಡುವಷ್ಟಲ್ಲ.

ಮುರಿದ ಮೂಳೆ ಅಲುಗದಿರಲಿ, ಹಲ್ಲುಗಳು ಮೊದಲಿನಂತೆಯೇ ಕಚ್ಚಲಿ ಎಂದು ಮೇಲಿನ ಮತ್ತು ಕೆಳಗಿನ ಸಾಲುಗಳನ್ನು ಸೇರಿಸಿ ಬಿಗಿಯುತ್ತಾರೆ, ಸಾಮಾನ್ಯವಾಗಿ 4ರಿಂದ 6 ವಾರ. ಟೈಟೇನಿಯಂ ಪ್ಲೇಟ್ ಹಾಕಿದ್ದರೆ ಇನ್ನೂ ಕಡಿಮೆ ದಿನ. ಕೆಲವರಿಗೆ ರಬ್ಬರ್ ಬ್ಯಾಂಡ್ ಸಾಕು. ‘ಪುತ್ತೂರು ಕಟ್ಟು’ ಹಾಕಿಸಿ ಎನ್ನುವವರೂ ಇದ್ದಾರೆ. ಹೊರಗಿನ ಪಟ್ಟಿ ಹಲ್ಲುಗಳ ಕಚ್ಚನ್ನು ಸರಿಪಡಿಸಲಾರದು.

ವೈರ್ ಇರುವಾಗ ಕುಡಿಯುವುದೆಲ್ಲ ದ್ರವವೇ. ಹಾಗಾಗಿ ವಾಂತಿಯೂ ಬಹುತೇಕ ದ್ರವವಾಗಿ ಹಲ್ಲಿನ ಸಂದಿಯಿಂದ, ಮೂಗಿನಿಂದ ಹೊರಬರುತ್ತದೆ. ಮಲಗಿರಬೇಡಿ, ಎದ್ದು ಮುಂದಕ್ಕೆ ಬಾಗಿ, ಕೆನ್ನೆಯನ್ನು ಹೊರಕ್ಕೆ ಎಳೆದು ಹಿಡಿಯಿರಿ. ಆಗಲೂ ಉಸಿರಾಡಲು ಆಗದಿದ್ದರೆ ಎರಡೂ ದವಡೆಗಳನ್ನು ಸೇರಿಸುವ ವೈರ್‌ಗಳನ್ನು ಕತ್ತರಿಸಿ, 108ಕ್ಕೆ ಕರೆ ಮಾಡಿ. ಮಲ್ಲತ್ತಹಳ್ಳಿಯಿಂದ ಕೋಟೆ ಬಳಿಯ ಸರ್ಕಾರಿ ದಂತ ಕಾಲೇಜಿಗೆ ಮೈಸೂರು ರಸ್ತೆಯ ಟ್ರಾಫಿಕ್ ದಾಟಿ ಹೋಗುವ ತನಕ ಉಸಿರು ಕಾಯುವುದಿಲ್ಲ. ಆದ್ದರಿಂದ ಕಟರ್ ರೋಗಿಯ ಕೈಗೆಟುಕುವಂತೆ ಇರಲಿ, ಆಚೆ ಹೋಗುವಾಗ ಜೇಬಿನಲ್ಲಿರಲಿ. ಯಾವ ವೈರ್ ಕತ್ತರಿಸಬೇಕೆಂದು ಡಿಸ್ಚಾರ್ಜ್‌ಗೆ ಮುನ್ನ ಮನೆಯವರೊಬ್ಬರು ಕಣ್ಣಾರೆ ನೋಡಿ ಕಲಿಯಬೇಕು. ಮದ್ಯ ಬೇಡವೇ ಬೇಡ.

ಬರೀ ಗಂಜಿ ತಿಳಿಯಲ್ಲಿ ಪ್ರೋಟೀನ್ ಕಡಿಮೆ, ತೂಕ ಇಳಿಯುತ್ತದೆ. ಹಾಲು, ಮೊಸರು, ನುಣ್ಣಗೆ ರುಬ್ಬಿ ಸೋಸಿದ ಬೇಳೆ, ರಾಗಿ ಅಂಬಲಿಯನ್ನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಿ. ಪ್ರತಿ ಸಲವೂ ಬಾಯಿ ಮುಕ್ಕಳಿಸಿ, ಮಕ್ಕಳ ಮೆತ್ತನೆ ಬ್ರಷ್‌ನಿಂದ ಉಜ್ಜಿ.

ನೋವು ಹೋಯಿತೆಂದು ಮೊದಲೇ ಬಿಚ್ಚಿಸಬೇಡಿ. ಬಿಚ್ಚಿದ ದಿನ ಬಾಯಿ ಒಂದೆರಡು ಬೆರಳಷ್ಟೇ ತೆರೆಯಬಹುದು. ಡಾಕ್ಟರ್ ಹೇಳಿದ ವ್ಯಾಯಾಮ ಮಾಡುತ್ತಾ ಹೋದಂತೆ ಸಡಿಲವಾಗುತ್ತದೆ.