ಕೆಸರಿನೊಳಗಣ ವಿದ್ಯುತ್ತು

ಒಂದು ಶೋಧಕ್ಕೂ ಅದರ ಫಲಕ್ಕೂ ನಡುವೆ ಹಾದುಹೋಗುವ ದೀರ್ಘಕಾಲವು ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಸದಾ ಸೆಳೆದಿದೆ. ಜೀವಾಣುಗಳಿಂದ ವಿದ್ಯುತ್ತನ್ನು ಪಡೆಯುವ ಯತ್ನದ ಚರಿತ್ರೆ ಅಂಥದೊಂದು.

1911ರಲ್ಲಿ ಇಂಗ್ಲೆಂಡಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಎಂ. ಸಿ. ಪಾಟರ್ ಅವರು ಯೀಸ್ಟನ್ನೂ ಬ್ಯಾಕ್ಟೀರಿಯಾಗಳನ್ನೂ ಬೆಳೆಸಿದ ದ್ರವದಲ್ಲಿ ಪ್ಲಾಟಿನಮ್ ವಿದ್ಯುದ್ವಾರಗಳನ್ನಿಳಿಸಿ, ಅರ್ಧ ವೋಲ್ಟಿನವರೆಗಿನ ವಿದ್ಯುದ್ಬಲವನ್ನು ಕಂಡರು. 1931ರಲ್ಲಿ ಅಮೆರಿಕದ ಬಾರ್ನೆಟ್ ಕೋಹೆನ್ ಅಂಥ ಕೋಶಗಳನ್ನು ಸಾಲಾಗಿ ಜೋಡಿಸಿ 35 ವೋಲ್ಟು ಪಡೆದರು. ಆದರೆ ಹರಿದ ಪ್ರವಾಹ 2 ಮಿಲಿಆಂಪಿಯರ್ ಮಾತ್ರ. ಇಷ್ಟರಿಂದ ಎಷ್ಟು ದೀಪ ಉರಿದೀತು? ಆ ಲೆಕ್ಕದ ಮುಂದೆ ಈ ಶೋಧ ಬಹುಕಾಲ ಕೇವಲ ಕುತೂಹಲದ ವಸ್ತುವಾಗಿ ಉಳಿಯಿತು.

ಈ ಜೀವಾಣುಗಳು ಮಾಡುವುದಾದರೂ ಏನು? ನಾವು ಅನ್ನದಿಂದ ಬಿಡಿಸಿದ ಇಲೆಕ್ಟ್ರಾನುಗಳನ್ನು ಕಡೆಗೆ ಆಮ್ಲಜನಕಕ್ಕೆ ಒಪ್ಪಿಸುತ್ತೇವೆ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬಾಳುವ ಜೀವಿ ಅವನ್ನು ಯಾರಿಗೆ ಒಪ್ಪಿಸಬೇಕು? ಮುಂದೆ ಜಿಯೋಬ್ಯಾಕ್ಟರ್ ಎಂದು ಹೆಸರಾದ ಜೀವಾಣುವೊಂದನ್ನು 1987ರಲ್ಲಿ ಡೆರೆಕ್ ಲವ್ಲಿ ಮತ್ತು ಸಂಗಡಿಗರು ವರ್ಣಿಸಿದರು. ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ ದೊರೆತ ಅದು, ತನ್ನ ಮೈಯ ಹೊರಗಿರುವ ತುಕ್ಕಿನಂಥ ಕಬ್ಬಿಣಕ್ಕೆ ಇಲೆಕ್ಟ್ರಾನುಗಳನ್ನು ದಾಟಿಸುತ್ತಿತ್ತು. ಕಬ್ಬಿಣದ ಸ್ಥಾನದಲ್ಲಿ ವಿದ್ಯುದ್ವಾರವನ್ನಿಟ್ಟರೆ ಅದೇ ವಿದ್ಯುತ್ಪ್ರವಾಹ.

ಇನ್ನು ಸುಧಾರಣೆಯ ಮಾತು. ಇದಕ್ಕೆ ನಮ್ಮ ಬೇಸಾಯದ ಪದವೇ ಒಪ್ಪುತ್ತದೆ: ತಳಿ. ಒಳ್ಳೆಯ ತೆನೆಯನ್ನು ರೈತ ಬೀಜಕ್ಕೆಂದು ಎತ್ತಿಡುವಂತೆ, ಲವ್ಲಿಯವರ ಬಳಗ ಜಿಯೋಬ್ಯಾಕ್ಟರಿನ ಇನ್ನೊಂದು ಪ್ರಭೇದವನ್ನು ಬದುಕಲು ಕಷ್ಟವಾದ ವಿದ್ಯುದ್ವಾರದ ಮೇಲೆ ಐದು ತಿಂಗಳು ಬೆಳೆಸಿತು. ಅಲ್ಲಿ ಗೆದ್ದುಳಿದ, ಕೆಎನ್400 ಎಂಬ ತಳಿಯ ವಿವರ 2009ರಲ್ಲಿ ಪ್ರಕಟವಾಯಿತು. ವಿದ್ಯುದ್ವಾರದ ಒಂದು ಚದರ ಮೀಟರಿಗೆ ಮೂಲ ತಳಿ 0.5 ವ್ಯಾಟು ಕೊಟ್ಟರೆ, ಇದು 3.9 ವ್ಯಾಟು ಕೊಟ್ಟಿತು. ಸುಮಾರು ಎಂಟು ಮಡಿ!

ಆದರೂ ತಾವು ಒಂದನ್ನು ಗಮನಿಸಬೇಕು. ಪ್ರಯೋಗಶಾಲೆಯ ಶುದ್ಧ ಆಹಾರವನ್ನುಂಡು ಬೆಳೆದ ತಳಿಯು ಊರಿನ ಕೊಳೆನೀರಿನಲ್ಲಿ ಬಾಳಬೇಕಾದರೆ ಅಸಂಖ್ಯ ಕಾಡುಜೀವಾಣುಗಳೊಡನೆ ಸೆಣಸಬೇಕು. ಸುಧಾರಣೆಯ ನಿಜವಾದ ಪರೀಕ್ಷೆ ಅಲ್ಲಿದೆ. ಕೊಳೆಯನ್ನು ಕಳೆಯುತ್ತಲೇ ತುಸು ವಿದ್ಯುತ್ತನ್ನೂ ಕೊಡುವ ಜೀವಾಣು ಊರಿಗೆ ಎರಡು ವಿಧದಲ್ಲಿ ಉಪಕಾರಿ.

ಅಲ್ಪವೆಂದು ಅದನ್ನು ತಳ್ಳಿಹಾಕುವಂತಿಲ್ಲ. 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅದೇ ಪೊಟೊಮ್ಯಾಕ್ ನದಿಯ ಕೆಸರು ನೀಡಿದ ವಿದ್ಯುತ್ತಿನಿಂದ, ನೀರಮೇಲೆ ತೇಲುವ ಹವಾಮಾನದ ಉಪಕರಣವೊಂದು ನಡೆಯಿತು. ಆ ವಿದ್ಯುತ್ತಿಗೆ ಮನೆಯ ದೀಪವನ್ನು ಉರಿಸುವ ಶಕ್ತಿಯಿರಲಿಲ್ಲ; ಗಾಳಿಯ ತಾಪವನ್ನೂ ಒತ್ತಡವನ್ನೂ ಅಳೆದು ದಡಕ್ಕೆ ಸುದ್ದಿ ಕಳುಹಿಸಲು ಅದು ಸಾಕಾಯಿತು.