ಖುಲ್ ಜಾ ಸಿಮ್ ಸಿಮ್: ಲೆಬನಾನಿನ ಎಳ್ಳು-ಜೇನಿನ ಮಿಠಾಯಿ ಯಾರದ್ದು?

ಅಲಿಬಾಬಾ ಕಥೆಯ "ಖುಲ್ ಜಾ ಸಿಮ್ ಸಿಮ್" ನೆನಪಿದೆಯಲ್ಲ? ಅರಬ್ಬಿಯಲ್ಲಿ ಸಿಮ್‌ಸಿಮ್ ಅಂದ್ರೆ ಎಳ್ಳು. ಅದರಿಂದ ಲೆಬನಾನಿನವರು ಮಾಡುವ ಮಿಠಾಯಿಯ ಹೆಸರು ಸಿಮ್‌ಸಿಮಿಯೆ. ನೋಡೋಕೆ ಥೇಟ್ ನಮ್ಮ ಎಳ್ಳು ಚಿಕ್ಕಿ.

ಹೋದ ಸಂಕ್ರಾಂತಿಗೆ ಇಲ್ಲಿ ಪುಣೆಯಲ್ಲಿ ಇದನ್ನು ಮಾಡಿ ಮನೆಯವರ ಗ್ರೂಪಿಗೆ ಫೋಟೋ ಹಾಕಿದೆ. ಚಿಕ್ಕಪ್ಪ ತಕ್ಷಣ ಬರೆದರು: "ಇದು ನಮ್ಮಿಂದ ಕದ್ದಿದ್ದು ಕಣೋ." ನೀವೂ ಇಂಥ ಮಾತು ಕೇಳಿರ್ತೀರಿ. ಇದರಲ್ಲಿ ಎಷ್ಟು ನಿಜ? ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಕೋಡಿನ ಪ್ರತಿ ಸಾಲನ್ನೂ ಯಾರು, ಯಾವಾಗ ಬರೆದರು ಅಂತ ತೋರಿಸುವ ಸೌಲಭ್ಯ ಇರುತ್ತೆ. ಈ ಮಿಠಾಯಿಯನ್ನೂ ಹಾಗೇ ಒಂದೊಂದು ಪದಾರ್ಥವಾಗಿ ನೋಡೋಣ.

ಮೊದಲು ಎಳ್ಳು. ಚಿಕ್ಕಪ್ಪನ ಮಾತಿಗೆ ಇಲ್ಲಿ ಆಧಾರ ಇದೆ. ಎಳ್ಳನ್ನು ಮೊದಲು ಬೆಳೆಯಾಗಿ ಪಳಗಿಸಿದ್ದು ಭಾರತ ಉಪಖಂಡದಲ್ಲಿ. ಹರಪ್ಪದ ಉತ್ಖನನದಲ್ಲಿ 4,000 ವರ್ಷಕ್ಕೂ ಹಳೆಯ, ಸುಟ್ಟು ಕರಿಯಾದ ಎಳ್ಳು ಸಿಕ್ಕಿದೆ. ಅಲ್ಲಿಂದ ಅದು ಮೆಸಪೊಟೇಮಿಯಾಕ್ಕೆ ಹೋಯಿತು. ಕ್ರಿ.ಪೂ. 5ನೇ ಶತಮಾನದಲ್ಲಿ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಬ್ಯಾಬಿಲೋನಿನ ಜನ ಎಳ್ಳೆಣ್ಣೆ ಬಿಟ್ಟು ಬೇರೆ ಎಣ್ಣೆ ಬಳಸೋದಿಲ್ಲ ಅಂತ ಬರೆದಿದ್ದಾನೆ.

ಎರಡನೆಯದು ಜೇನು. ಇದನ್ನು ನಾವು ಕಳಿಸಿದ್ದಲ್ಲ. ಜೋರ್ಡಾನ್ ಕಣಿವೆಯ ತೆಲ್ ರೆಹೋವ್‌ನಲ್ಲಿ ಸುಮಾರು 3,000 ವರ್ಷ ಹಳೆಯ ಮಣ್ಣಿನ ಜೇನುಗೂಡುಗಳ ಸಾಲುಗಳೇ ಸಿಕ್ಕಿವೆ. ಇಂದಿನ ಲೆಬನಾನಿನಲ್ಲಿರುವ ಟೈರ್ ಬಂದರಿಗೆ ಬರುತ್ತಿದ್ದ ಸರಕುಗಳನ್ನು ಬೈಬಲಿನ ಎಜೆಕಿಯೇಲ ಗ್ರಂಥ ಪಟ್ಟಿ ಮಾಡುತ್ತೆ, ಅದರಲ್ಲೂ ಜೇನಿದೆ.

ಮೂರನೆಯದು ಸಕ್ಕರೆ. ಕಬ್ಬಿನ ರಸವನ್ನು ಹರಳು ಮಾಡುವ ವಿದ್ಯೆ ಭಾರತದ್ದು. ನಮ್ಮ 'ಶರ್ಕರ'ವೇ ಅರಬ್ಬಿಯ 'ಸುಕ್ಕರ್'. ಆದರೆ ಅದು ಪರ್ಷಿಯಾ ದಾಟಿ, ಅರಬ್ಬರ ಕಾಲದಲ್ಲಿ ಮೆಡಿಟರೇನಿಯನ್ ತೀರ ಸೇರಿ, ಅಲ್ಲೇ ಬೇರು ಬಿಟ್ಟಿತು. 12ನೇ ಶತಮಾನದ ಕ್ರುಸೇಡ್ ಕಾಲಕ್ಕೆ ಟೈರ್ ಮತ್ತು ಟ್ರಿಪೋಲಿಯ ಸುತ್ತ ಕಬ್ಬಿನ ತೋಟಗಳಿದ್ದವು.

ಕೊನೆಗೆ ಕಿತ್ತಳೆ ಹೂವಿನ ನೀರು. ಸಿಡೋನ್ ಪಕ್ಕದ ಮಗ್ದೂಶೆ ಊರು ಇದಕ್ಕೇ ಹೆಸರುವಾಸಿ. ಕಹಿ ಕಿತ್ತಳೆಯ ಹೂವನ್ನು ಬಟ್ಟಿ ಇಳಿಸಿ ತೆಗೀತಾರೆ. ಇದರ ಎರಡು ಹನಿ ಬಿದ್ದ ಮೇಲೆ ಅದನ್ನು ಚಿಕ್ಕಿ ಅನ್ನೋಕಾಗಲ್ಲ.

ಈಗ ಮಾಡೋದು ಹೇಗೆ? ಎರಡು ಲೋಟ ಬಿಳಿ ಎಳ್ಳನ್ನು ಹೊಂಬಣ್ಣಕ್ಕೆ ಹುರಿದಿಟ್ಟುಕೊಳ್ಳಿ. ಒಂದು ಲೋಟ ಸಕ್ಕರೆ, ಅರ್ಧ ಲೋಟ ಜೇನು, ಒಂದು ಚಮಚ ನಿಂಬೆರಸ ಸೇರಿಸಿ ದಪ್ಪ ತಳದ ಪಾತ್ರೆಯಲ್ಲಿ ಕಾಯಿಸಿ. ಜೇನು ಉಕ್ಕುತ್ತೆ, ಪಾತ್ರೆ ದೊಡ್ಡದಿರಲಿ. ಪಾಕವನ್ನು ತಣ್ಣೀರಿಗೆ ಬಿಟ್ಟರೆ ಟಕ್ ಅಂತ ಮುರೀಬೇಕು, ಅಂದ್ರೆ ಸುಮಾರು 150 ಡಿಗ್ರಿ ಸೆಲ್ಸಿಯಸ್. ಒಲೆ ಆರಿಸಿ ಹೂವಿನ ನೀರು ಹನಿಸಿ (ಸಿಡಿಯುತ್ತೆ, ಹುಷಾರು), ಎಳ್ಳು ಕಲಸಿ, ಎಣ್ಣೆ ಸವರಿದ ತಟ್ಟೆಗೆ ಸುರಿದು ಬಿಸಿ ಇದ್ದಾಗಲೇ ಕತ್ತರಿಸಿ. ನಿಂಬೆರಸ ಸಕ್ಕರೆ ಮತ್ತೆ ಹರಳಾಗದಂತೆ ತಡೆಯುತ್ತೆ. ಬರೀ ಜೇನಿನಲ್ಲಿ ಮಾಡಿದರೆ ಗಾಳಿಯ ತೇವ ಎಳೆದುಕೊಂಡು ಮೆತ್ತಗಾಗುತ್ತೆ. ಸಕ್ಕರೆ ಬರುವ ಮೊದಲು ಈ ತಿನಿಸು ಹಾಗೇ ಮೆತ್ತಗೆ, ಅಂಟಂಟಾಗಿ ಇದ್ದಿರಬೇಕು.

ಆ ಹಳೆಯ ತಿನಿಸಿನ ಒಂದು ಕಥೆಯನ್ನೂ ಹೆರೊಡೋಟಸ್ ಹೇಳ್ತಾನೆ. ಇದು ಲೆಬನಾನಿನದಲ್ಲ, ಗ್ರೀಕರ ಸಾಮೋಸ್ ದ್ವೀಪದ್ದು. ಕ್ರಿ.ಪೂ. 600ರ ಆಸುಪಾಸು. ಕೊರಿಂಥ್‌ನ ಸರ್ವಾಧಿಕಾರಿ ಪೆರಿಯಾಂಡರ್, ಸೇಡಿಗಾಗಿ ಕೊರ್ಸೈರಾ ದ್ವೀಪದ 300 ಹುಡುಗರನ್ನು ನಪುಂಸಕರನ್ನಾಗಿ ಮಾಡಿಸಲು ಹಡಗಿನಲ್ಲಿ ಲಿಡಿಯಾಕ್ಕೆ ಕಳಿಸಿದ. ಹಡಗು ಸಾಮೋಸ್‌ನಲ್ಲಿ ನಿಂತಾಗ ಊರಿನವರು ಆ ಮಕ್ಕಳಿಗೆ ಆರ್ಟೆಮಿಸ್ ದೇವಿಯ ಗುಡಿಯಲ್ಲಿ ಆಸರೆ ಪಡೆಯಲು ಹೇಳಿಕೊಟ್ಟರು. ಕಾವಲಿನವರು ಮಕ್ಕಳಿಗೆ ಅನ್ನ ಸಿಗದ ಹಾಗೆ ಮಾಡಿದರು. ಆಗ ಸಾಮೋಸಿನ ಜನ ಒಂದು ಹೊಸ ಹಬ್ಬವನ್ನೇ ಹುಟ್ಟುಹಾಕಿದರು. ದಿನಾ ರಾತ್ರಿ ಹುಡುಗ ಹುಡುಗಿಯರು ಕುಣಿಯುತ್ತಾ, ಎಳ್ಳು-ಜೇನಿನ ತಿನಿಸು ಹಿಡಿದು ಗುಡಿಗೆ ಬರಬೇಕು. ಮಕ್ಕಳು ಅದನ್ನು ಕಸಿದು ತಿನ್ನಬೇಕು. ಕೊನೆಗೆ ಕಾವಲಿನವರೇ ಬೇಸತ್ತು ಹೊರಟುಹೋದರು. ಮಕ್ಕಳನ್ನು ಸಾಮೋಸಿನವರು ಅವರ ಊರಿಗೆ ತಲುಪಿಸಿದರು.

ಚಿಕ್ಕಪ್ಪನಿಗೆ ನಾನು ಹೇಳಿದ್ದು ಇಷ್ಟು: "ಬೀಜ ನಮ್ಮ ಕಡೆಯಿಂದ ಹೋಗಿದ್ದು, ಒಪ್ಪಿದೆ. ಆದರೆ ಅದನ್ನು ಅಲ್ಲಿ ಬೆಳೆದವರು, ಜೇನು ಕೂಡಿಸಿದವರು, ಹಸಿದ ಮಕ್ಕಳ ಕೈಗೆ ಇಟ್ಟವರು ಬೇರೆಯವರು. ಇದರಲ್ಲಿ ಕದ್ದಿದ್ದು ಎಲ್ಲಿ ಬಂತು?" ಅವರು ಅದಕ್ಕೆ ಉತ್ತರ ಕೊಡಲಿಲ್ಲ. ಮಾರನೇ ದಿನ ಮೆಸೇಜ್ ಬಂತು: "ಆ ಹೂವಿನ ನೀರು ಎಲ್ಲಿ ಸಿಗುತ್ತೋ?"

ನೀವೂ ಮಾಡಿ ನೋಡಿ, ಹೇಗಾಯ್ತು ಅಂತ ಹೇಳಿ. ಮುಂದಿನ ಮಾತಿನಲ್ಲಿ ಸಿಗೋಣ.